ಉಣ್ಣೆಯ ಗುರುತಿಗೆ ಕರಗಿದ ಅಂಟು

ಗೌರವಾನ್ವಿತ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಎರಡನೇ ಸಾಲಿನಲ್ಲಿ ಕೈಕಟ್ಟಿ ಕುಳಿತಿರುವ ನನ್ನ ಭಾವನವರೇ, ಸಭಿಕರೇ,

ಮೊದಲು ಖರ್ಚು ಹೇಳಿಬಿಡುತ್ತೇನೆ. ನೀವಿಂದು ಮೆಚ್ಚಿ ಸನ್ಮಾನಿಸುತ್ತಿರುವ, ಅಂಟು ಕರಗಿಸುವ ಈ ಹೀಟರಿಗೆ ಹೋದದ್ದು ನನ್ನ ಹೆಂಡತಿಯ ಇಸ್ತ್ರಿಪೆಟ್ಟಿ, ನನ್ನ ಎಡಹುಬ್ಬು, ಮತ್ತು ಮನೆಯಲ್ಲಿ ಒಂದು ವಾರದ ಮಾತುಕತೆ.

ಗಾಲ್ಫ್ ಕೋಲಿನ ತಲೆ ಕಳಚಬೇಕಾದರೆ ಒಳಗಿನ ಅಂಟು ಮೆತ್ತಗಾಗಬೇಕು. ಭಾವನವರು, ಅಂದರೆ ನನ್ನ ಹೆಂಡತಿಯ ಅಣ್ಣ, ಅದಕ್ಕೆ ಬೆಂಕಿ ಹಿಡಿಯುತ್ತಾರೆ. ತಲೆ ಬರುತ್ತದೆ, ಇಲ್ಲವೆನ್ನಲಾರೆ. ಕೋಲೂ ಇದ್ದಿಲಾಗಿ ಬರುತ್ತದೆ. ಆದರೂ ಈ ಕ್ಲಬ್ಬಿನ ರಿಪೇರಿಯೆಲ್ಲ ಅವರಿಗೇ ಏಕೆ ಹೋಗುತ್ತಿತ್ತು? ಅವರ ಅಂಗಡಿಗೆ ಬೋರ್ಡಿತ್ತು. ನನ್ನದಕ್ಕೆ ಬಾಗಿಲೇ ನೆಟ್ಟಗಿರಲಿಲ್ಲ.

ಹೀಗಿರುವಾಗ ಅಧ್ಯಕ್ಷರು ನನ್ನನ್ನು ಕರೆಸಿ, ಗೋಡೆಯ ಮೇಲಿದ್ದ ಕೋಲನ್ನು ಇಳಿಸಿ ಕೊಟ್ಟರು. “ನಮ್ಮಪ್ಪ ಆಡಿದ ಕೋಲು. ಅವರಾದ ಮೇಲೆ ಯಾರೂ ಮುಟ್ಟಿಲ್ಲ. ತಲೆ ಸೊಟ್ಟಗಾಗಿದೆ. ಸುಡದೆ ಸರಿಮಾಡಿದ್ರೆ ಕ್ಲಬ್ಬಿನ ಕೆಲಸವೆಲ್ಲ ನಿಂಗೆ. ಸುಟ್ಟೆಯೋ, ಈ ಕಡೆ ಮುಖ ಹಾಕಬೇಡ.”

ಯಾರೂ ಮುಟ್ಟದ ಕೋಲಿನ ತಲೆ ಸೊಟ್ಟಗಾದದ್ದು ಹೇಗೆ ಎಂದು ಕೇಳುವಷ್ಟು ದೊಡ್ಡ ಅಂಗಡಿ ನನ್ನದಲ್ಲ.

ಇಸ್ತ್ರಿಪೆಟ್ಟಿ ಬಿಚ್ಚಿದೆ. ಅದರ ತಂತಿಯನ್ನು ಪಿಂಗಾಣಿ ಕೊಳವೆಗೆ ಸುತ್ತಿ, ಕೋಲಿನ ಕುತ್ತಿಗೆ ಅದರೊಳಗೆ ಕೂರುವಂತೆ ಮಾಡಿದೆ. ಶಾಖ ಹತೋಟಿಗೆ ಪೆಟ್ಟಿಯದೇ ತಿರುಗುಣಿ. ರೇಷ್ಮೆಯ ಗುರುತಿಗೆ ಇಟ್ಟರೆ ಅಂಟು ಅಲುಗದು. ಹತ್ತಿಗೆ ಇಟ್ಟಾಗ ನನ್ನ ಹುಬ್ಬು ಹೋಯಿತು. ಉಣ್ಣೆಗೆ ಇಟ್ಟೆ, ಬೆಣ್ಣೆಯಂತೆ ಕರಗಿತು.

ಕರಗಿದ್ದೇನೋ ಸರಿ, ಆದರೆ ಘಾಟು? ಹಿರಿಯರ ಕಾಲದ ಕೋಲಾದರೆ ಒಳಗೆ ಅಂಟಿನ ಬದಲು ಅರಗು ಇರಬೇಕು, ಅರಗಿಗೆ ಇಂಥ ಘಾಟಿಲ್ಲ. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದಳು. ವಾರದ ನಂತರ ಅವಳಾಡಿದ ಮೊದಲ ಮಾತು: “ಏನ್ರೀ, ನಮ್ಮಣ್ಣ ಕಲಸೋ ಅಂಟು ಇದರೊಳಗೆ ಹೇಗೆ ಬಂತು?”

ತಲೆ ನೆಟ್ಟಗೆ ಕೂರಿಸಿ ಕೋಲನ್ನು ಒಪ್ಪಿಸುವಾಗ ನಾನು ಇಷ್ಟೇ ಹೇಳಿದೆ: “ಸರ್, ಒಳಗೆ ಅರಗು ಇರಲಿಲ್ಲ.”

ಅಧ್ಯಕ್ಷರು ಎದ್ದು ಬಾಗಿಲು ಹಾಕಿ ಬಂದರು. “ಹೋದ ವರ್ಷ ಸೋತ ಸಿಟ್ಟಿಗೆ ಅಪ್ಪನ ಕೋಲನ್ನ ನೆಲಕ್ಕೆ ಬಡಿದೆ ಕಣಯ್ಯ. ಎರಡು ತುಂಡಾಯ್ತು. ನಿಮ್ಮ ಭಾವ ಅಂಥದ್ದೇ ಒಂದು ಜೋಡಿಸಿಕೊಟ್ಟ, ತಲೆ ಸೊಟ್ಟಗೆ ಕೂರಿಸಿ. ಈ ವಿಷಯ ನಮ್ಮ ಮೂವರಲ್ಲೇ ಇರಲಿ.”

“ನನ್ನ ಹೆಂಡ್ತಿನೂ ಸೇರಿ ನಾಲ್ವರು, ಸರ್.”

ಮರುದಿನವೇ ಈ ಸನ್ಮಾನ ಘೋಷಣೆಯಾಯಿತು. ಓಹೋ, ಅಧ್ಯಕ್ಷರು ಗಂಟೆ ಬಾರಿಸುತ್ತಿದ್ದಾರೆ. ಇದನ್ನು ಹೇಳಬಾರದಿತ್ತೇನೋ, ಕೆಲಸದ ಒಪ್ಪಂದಕ್ಕೆ ನಿನ್ನೆ ಸಹಿ ಬಿದ್ದದ್ದರಿಂದ ನಾಲಗೆ ಸ್ವಲ್ಪ ಸಡಿಲವಾಗಿದೆ.

ಮುಗಿಸುತ್ತೇನೆ. ಕ್ಲಬ್ಬಿಗೆ ಹೀಟರು ಸಿಕ್ಕಿತು. ನನಗೆ ಕೆಲಸ, ಜೊತೆಗೆ ಈ ಫಲಕ. ಭಾವನವರಿಗೆ ನನ್ನ ಅಂಗಡಿಗೆ ಅಂಟು ಒದಗಿಸುವ ವ್ಯಾಪಾರ. ಅದು ಚೆನ್ನಾಗಿ ಕರಗುತ್ತದೆ. ಹೆಂಡತಿಗೆ ಹೊಸ ಇಸ್ತ್ರಿಪೆಟ್ಟಿ. ಅಧ್ಯಕ್ಷರ ತಂದೆಯವರ ಹೆಸರಿಗೆ, ಅವರು ಎಂದೂ ಹಿಡಿಯದ ಒಂದು ಕೋಲು.

ಕೂತು ಕೇಳಿದ ನಿಮಗೆ, ಬಾರಿಸುತ್ತಲೇ ಇರುವ ಆ ಗಂಟೆಗೆ ವಂದನೆಗಳು. ನಮಸ್ಕಾರ.