ಊರು ಮುಟ್ಟೋ ತನಕ

ಬ್ಯಾಡ ಅಪ್ಪ, ಆ ಪೊರಕೆ ಕೆಳಗಿಡು. ಕಸ ಇದ್ರೆ ಇರ್ಲಿ. ಅಶ್ವಿನಿ ಬಸ್ ಹತ್ತಿ ಇನ್ನೂ ಒಂದ್ಗಂಟೆ ಆಗಿಲ್ಲ, ಶಿರಾ ದಾಟಿದ್ಲೋ ಇಲ್ವೋ. ನನ್ ಮಗಳು ಮೊದಲ್ನೇ ಸಲ ಡ್ಯೂಟಿಗೆ ಅಂತ ಜಮ್ಮುವರ್ಗೂ ಹೋಗ್ತಾವ್ಳೆ. ಮುಟ್ಟಿದೆ ಅಂತ ಫೋನ್ ಬರ್ಲಿ, ಆಮೇಲೆ ಗುಡಿಸಿದ್ರಾಯ್ತು...

ಯಾಕಪ್ಪ ನಗ್ತೀಯಾ? ನೀನು ಮಿಲಿಟ್ರಿಯವ್ನು, ನಿಂಗೆ ಇದೆಲ್ಲ ತಮಾಷೆ. ಹೋದೋರ ಹಿಂದೇನೇ ಗುಡಿಸಬಾರ್ದು ಅಂತ ಅಮ್ಮ ಹೆಂಗೆ ನಡ್ಕೊಂತಿದ್ಲು, ನೀನೆಲ್ಲಿ ನೋಡಿದ್ದೀಯಾ? ನೀನು ರಜೆ ಮುಗ್ಸಿ ಹೊರಟ್ರೆ ಮೂರ್ನಾಕು ದಿನ ಮನೇಲಿ ಪೊರಕೆ ಅಲ್ಲಾಡ್ತಿರ್ಲಿಲ್ಲ. ತಲೆಗೆ ನೀರು ಹಾಕ್ಕೊಳ್ತಿರ್ಲಿಲ್ಲ. ನೀನು ಕಾಫಿ ಕುಡಿದಿಟ್ಟ ಲೋಟಾನೂ ಅಲ್ಲೇ. ಚಿಕ್ಕರಂಗಯ್ಯನ ಅಂಗಡಿಗೆ ಫೋನು ಬಂದು, ‘ಮುಟ್ಟಿದ್ನಂತೆ ಕಣಮ್ಮ’ ಅಂತ ಅವ್ನು ಹೇಳಿದ್ಮೇಲೇ ಅವ್ಳು ಹೊಟ್ಟೆತುಂಬ ಉಣ್ತಿದ್ದದ್ದು. ಜೋರಾಗಿ ಅತ್ತಿದ್ದು ಒಂದಿನಾನೂ ನೋಡ್ಲಿಲ್ಲ ನಾನು. ರೇಡಿಯೋದಲ್ಲಿ ಕಾಶ್ಮೀರ ಅಂದ್ರೆ ಸಾಕು, ಕಡ್ಲೆಕಾಯಿ ಸುಲೀತಿದ್ದ ಕೈ ನಿಂತೋಗದು. ಹೋದ ವರ್ಷ ಸಾಯೋವಾಗ್ಲೂ ಅಂಗೇ, ಯಾರಿಗೂ ತೊಂದ್ರೆ ಕೊಡ್ದೆ ಹೋದ್ಲು.

ಇಡಪ್ಪ ಕೆಳಗೆ.

ನಿನ್ ಕಾಲು ಮುರಿದಿದ್ದು ಬ್ರೇಕ್ ಫೇಲಾಗಿ ಮಿಲಿಟ್ರಿ ಗಾಡಿ ಉರುಳಿದ್ದಕ್ಕೆ ಅಂತೀಯಾ? ಸರಿ, ಉರುಳ್ತು. ಅದೇ ಸಲ ಯಾಕೆ ಉರುಳ್ತು? ನಂಗಾಗ ಒಂಬತ್ತು ವರ್ಷ. ನೀನಿನ್ನೂ ಕ್ಯಾಂಪು ಮುಟ್ಟಿರ್ಲಿಲ್ಲ, ಇಲ್ಲಿ ಮನೆ ಗುಡಿಸಿ ಆಗಿತ್ತು. ಮಾರ್ನೇ ದಿನ ಅಜ್ಜಿ ಕೊರಟಗೆರೆ ಸೋದರತ್ತೆ ಮನೆಯಿಂದ ಬಂದೋಳು ನೋಡಿದ್ಲಲ್ಲ, ಒಂದು ಕಡ್ಡಿ ಕಸ ಇರ್ಲಿಲ್ಲ. ನಿನ್ ಕಾಲು ಮುರಿದ ಸುದ್ದಿ ಬಂದಾಗ, ‘ಪೊರಕೆ ಹಿಡಿದೋರು ಯಾರೇ?’ ಅಂತ ಅಜ್ಜಿ ಕೇಳಿದ್ಲು. ಅಮ್ಮ ‘ನಾನೇ ಅತ್ತೆ’ ಅಂದ್ಬುಟ್ಲು. ಅವತ್ತಿಂದ ಅಜ್ಜಿ ಇರೋವರ್ಗೂ, ನೀನು ಹೊರಡೋವಾಗ ಅಮ್ಮ ಎದುರಿಗೆ ಬರಂಗಿರ್ಲಿಲ್ಲ. ಕೊಟ್ಟಿಗೇಲಿ ಎಮ್ಮೆ ಹಿಂದೆ ನಿಂತು ನೀನು ಹೋಗೋದು ನೋಡ್ತಿದ್ಲು.

ಏನು? ಯಾವಾಗ ಗುಡಿಸಿದ್ಲಾ? ನೀನು ಅತ್ಲಾಗ್ ಬಸ್ ಹತ್ತಿದೆ, ಇತ್ಲಾಗ್ ಅವ್ಳು ಪೊರಕೆ ಹಿಡಿದ್ಲು. ಮಟಮಟ ಮಧ್ಯಾಹ್ನ. ನಾನೇ ಕಣ್ಣಾರೆ ನೋಡಿದ್ದೀನಿ.

ಯಾಕಂಗ್ ನೋಡ್ತೀಯಾ?

ತುಮಕೂರಾ? ...ಹೂಂ. ಅವತ್ತು ಅಮ್ಮ ನಿನ್ ಜೊತೇಲೇ ತುಮಕೂರು ಸ್ಟೇಷನ್ನಿಗೆ ಬಂದಿದ್ಲು. ನಿನ್ನ ರೈಲು ಹತ್ತಿಸಿ, ಕತ್ತಲಾದ್ಮೇಲೆ ವಾಪಸ್ ಬಂದಿದ್ದು. ಮರ್ತೋಗಿತ್ತು ನಂಗೆ... ಇಲ್ಲಪ್ಪ, ಮರ್ತಿರ್ಲಿಲ್ಲ.

ನಾನೇ ಗುಡಿಸಿದ್ದು. ಮನೇಲಿ ಇದ್ದೋಳು ನಾನೊಬ್ಳೇ. ನಿನ್ ಚಟ್ನಿಪುಡಿಗೆ ಸುಲಿದ ಕಡ್ಲೆಕಾಯಿ ಸಿಪ್ಪೆ ಮನೆ ತುಂಬ ಬಿದ್ದಿತ್ತು. ಅಮ್ಮ ಸುಸ್ತಾಗಿ ಬರ್ತಾಳೆ, ನೋಡಿ ಖುಷಿ ಪಡ್ಲಿ ಅಂತ ಗುಡಿಸ್ಬುಟ್ಟೆ. ಬಂದೋಳು ನೆಲ ನೋಡಿದ್ಲು, ನನ್ನ ನೋಡಿದ್ಲು. ಬೈಲಿಲ್ಲ. ಯಾರ ಹತ್ರಾನೂ ಹೇಳ್ಬ್ಯಾಡ ಅಂತ ತಲೆ ಸವರಿದ್ಲು ಅಷ್ಟೇ. ನಾನೂ ಹೇಳ್ಲಿಲ್ಲ ಅಪ್ಪ. ಅಜ್ಜಿ ಅವ್ಳನ್ನ ಕೊಟ್ಟಿಗೆಗೆ ಅಟ್ಟೋವಾಗ್ಲೂ ಹೇಳ್ಲಿಲ್ಲ, ಅಜ್ಜಿ ಸತ್ಮೇಲೂ ಹೇಳ್ಲಿಲ್ಲ, ಅಮ್ಮನ ಹೆಣದ ಮುಂದೆ ಕೂತ್ಕೊಂಡೂ ಹೇಳ್ಲಿಲ್ಲ.

ಬೈಯಪ್ಪ. ನೀನೂ ಅಮ್ಮನಂಗೇ ತಲೆ ಸವರ್ತೀಯಲ್ಲ. ...ಅಂದ್ರೆ, ನಿಂಗೆ ಗೊತ್ತಿತ್ತಾ? ಅವತ್ತಿಂದ್ಲೂ? ಅದ್ಕೇನಾ ಹೊರಡೋವಾಗೆಲ್ಲ ಕೊಟ್ಟಿಗೆ ಕಡೆ ತಿರುಗಿ ತಿರುಗಿ ನೋಡಿ, ಬಾಯಿ ಬಿಡ್ದೆ ಹೋಗ್ತಿದ್ದದ್ದು? ಬಾಯಿ ಬಿಟ್ರೆ ಅಜ್ಜಿ ನನ್ನ ಸುಮ್ನೆ ಬಿಡಲ್ಲ ಅಂತಾನಾ?

ಯಾಕೆ ಪೊರಕೆ ಕೆಳಗಿಡ್ತಿದ್ದೀಯಾ? ಈಗ್ತಾನೆ ಬ್ರೇಕ್ ಫೇಲಾಗಿದ್ದು ಅಂದ್ಯಲ್ಲ, ಇದೆಲ್ಲ ಸುಳ್ಳು ಅಂದ್ಯಲ್ಲ. ಗುಡಿಸು. ನಿನ್ ಕಾಲು ಮುರಿದಿದ್ದು ನನ್ನಿಂದಲ್ಲ ಅಂತ ಗುಡಿಸಿ ತೋರ್ಸು ಅಪ್ಪ...

ನಿಂಗೂ ಭಯಾನಾ?