ಪೈಪಿನೊಳಗಿನ ಅಂಗೈ

ಕರೆಂಟು ಬರೋವರ್ಗೂ ಹೇಳ್ತೀನಿ. ಮಧ್ಯೆ ಯಾರೂ ನಗಬಾರ್ದು. ನಮ್ಮ ಚಿಕ್ಕಮ್ಮನ ಮಗಳು ಪ್ರತಿಮಾ ಇದಾಳಲ್ಲ, ಅವಳಿಗೇ ಆಗಿದ್ದು ಇದು.

ಅಜ್ಜಂಪುರದಿಂದ ಅಂತರಘಟ್ಟೆ ಕಡೆಗೆ ನೀರಿನ ಲೈನ್ ಹಾಕ್ತಿದ್ರು. ದೊಡ್ಡ ದೊಡ್ಡ ಕಬ್ಬಿಣದ ಪೈಪು, ಬಗ್ಗಿ ಒಳಗೆ ನಡೀಬೋದು. ಹೂಳೋಕೆ ಮುಂಚೆ, ಪೇಂಟ್ ಬಳಿದ ಅದರ ಒಳಮೈ ನೋಡೋದು ಪ್ರತಿಮಾಳ ಕೆಲಸ. ಟಾರ್ಚ್ ನೇರ ಬಿಟ್ರೆ ಏನೂ ಕಾಣಲ್ಲ. ಗೋಡೆಗೆ ಒರಗಿಸಿದಂಗೆ ಅಡ್ಡ ಹಿಡೀಬೇಕು. ಆಗ ಗುಳ್ಳೆ, ಕೂದಲೆಳೆಯಷ್ಟು ಬಿರುಕು, ಎಲ್ಲಾ ನೆರಳು ಬಿಟ್ಟು ಎದ್ದು ಕಾಣ್ತವೆ. ಅಂಥ ಕಡೆ ಸೀಮೆಸುಣ್ಣದಲ್ಲಿ ಸುತ್ತು ಹಾಕೋಳು. ಸರಿ ಇದ್ರೆ ಪೈಪಿನ ಮೇಲೆ ‘ಪಾಸ್’ ಅಂತ ಬರೆಯೋಳು. ಆಮೇಲೇ ಕ್ರೇನ್ ಎತ್ತೋದು.

ಅವತ್ತು ಕೆಲಸ ಮುಗಿದಾಗ ಹೊತ್ತಾಗಿತ್ತು. ಮನೆಗೆ ನಡ್ಕೊಂಡು ಬರ್ತಿದ್ಲು. ದಾರೀಲಿ ಆಲದ ಮರ. ಅದರಡಿ ಒಂದು ಪೈಪು, ಬೆಳಿಗ್ಗೆ ಇವಳೇ ಪಾಸ್ ಮಾಡಿದ್ದು. ಒಳಗಿಂದ ಸದ್ದು... ಕೆರ್... ಕೆರ್... ಉಗುರಲ್ಲಿ ತಗಡು ಕೆರೆದಂಗೆ.

ನಾಯಿ ಸೇರ್ಕೊಂಡಿದೆ ಅಂದ್ಕೊಂಡು ಒಳಗೆ ಹೋದ್ಲು. ನಾಯಿ ಇಲ್ಲ. ನಟ್ಟನಡುವೆ ಪೇಂಟು ಉಬ್ಬಿದೆ. ಟಾರ್ಚ್ ಅಡ್ಡ ಹಿಡಿದ್ಲು...

ಅಂಗೈ.

ಐದು ಬೆರಳು. ಮಣಿಕಟ್ಟಿನ ಹತ್ರ ಬಳೆಯ ಗೆರೆ. ಯಾರೋ ಒತ್ತಿದ ಗುರುತಾಗಿದ್ರೆ ತಗ್ಗಾಗ್ಬೇಕಿತ್ತು ಕಣ್ರೀ. ಇದು ಕಬ್ಬಿಣದೊಳಗಿಂದ ಈಚೆಗೆ ಒತ್ತಿದಂಗೆ ಉಬ್ಬಿತ್ತು.

ಸೀಮೆಸುಣ್ಣ ತೆಗೆದು ಸುತ್ತು ಹಾಕಿದ್ಲು. ಹೊರಗೆ ಬಂದು ‘ಪಾಸ್’ ಅನ್ನೋದನ್ನ ಒರೆಸಿದ್ಲು.

ಮಾರನೇ ದಿನ ಪೇಂಟ್ ಮಾಡೋ ತಿಪ್ಪೇಶ್ ಗ್ರೈಂಡರ್ ಹಿಡ್ಕೊಂಡು ಒಳಗೆ ಹೋದ. ಕೆರೆದ. ಕೆಳಗೆ ಕಬ್ಬಿಣ ನುಣ್ಣಗಿತ್ತು, ಒಂದು ಚುಕ್ಕೆ ಇಲ್ಲ. ಮತ್ತೆ ಪೇಂಟ್ ಹೊಡೆದು ಈಚೆಗೆ ಬಂದ. ಮುಖ ಬಿಳಿಚ್ಕೊಂಡಿತ್ತು.

“ಅಕ್ಕಾ... ಗ್ರೈಂಡರ್ ಇಟ್ಟಾಗ ಯಾರೋ ಮಾತಾಡ್ದಂಗಾಯ್ತು.”

“ಏನಂದ್ರೋ?”

ಅವನು ಆಕಡೆ ಈಕಡೆ ನೋಡಿ ಪಿಸುಗುಟ್ಟಿದ. “ಮೆಲ್ಲಗೆ... ಅಂದ್ರು.”

ಸಂಜೆ ಹೋಗಿ ನೋಡ್ತಾಳೆ, ಹಳೇ ಜಾಗ ಸಾಪಾಗಿದೆ. ಅಂಗೈ ಮುಂದಕ್ಕೆ ಬಂದಿದೆ, ಪೈಪಿನ ಬಾಯಿ ಕಡೆಗೆ. ಮತ್ತೆ ಕೆರೆದ್ರು, ಮತ್ತೆ ಬಳಿದ್ರು. ಅದು ಮತ್ತೂ ಮುಂದಕ್ಕೆ ಬಂತು. ಕೊನೆಗೆ ಬಾಯಿಗೆ ಒಂದು ಗೇಣು ದೂರ.

ಆವತ್ತು ಇವಳು ಧೈರ್ಯ ಮಾಡಿ ಅದರ ಎದುರಿಗೆ ಕುಕ್ಕರುಗಾಲಲ್ಲಿ ಕೂತ್ಲು. “ಯಾರವ್ವಾ ನೀನು?”

ಕಿವಿ ಹತ್ರ, ಉಸಿರಿನಂಗೆ... “ಬೆಳಕು ಆರ್ಸು.”

ಆರ್ಸಿದ್ಲು. ಯಾಕೆ ಆರ್ಸ್ದೆ ಅಂತ ಕೇಳಿದ್ರೆ ಇವತ್ತಿಗೂ ಗೊತ್ತಿಲ್ಲ ಅಂತಾಳೆ. ಕತ್ತಲಲ್ಲಿ ಕಿಣಿ... ಕಿಣಿ... ಗಾಜಿನ ಬಳೆ. ಆಮೇಲೆ ಯಾರೋ ನಿಧಾನವಾಗಿ ಅತ್ತಂಗೆ. ಎದ್ದು ಓಡಿದ್ಲು.

ಬೆಳಿಗ್ಗೆ ಮೇಲ್ವಿಚಾರಕ ಕಾಂತರಾಜ್ ಹತ್ರ ಹೋದ್ಲು. “ಸಾರ್, ಅದು ಆಚೆಗೆ ಬರ್ತಾ ಇದೆ. ಇನ್ನೊಂದು ದಿನ ಬಿಟ್ಬಿಡಿ. ಬಾಯಿ ಮುಚ್ಬೇಡಿ.”

“ನೋಡಮ್ಮಾ, ಬಿಸಿಲಿಗೆ ಪೇಂಟು ಉಬ್ಬುತ್ತೆ. ಪಾಸ್ ಮಾಡು, ಕ್ರೇನ್ ಬಂದಿದೆ.”

“ನಾನು ಬರೆಯಲ್ಲ ಸಾರ್. ಕೆಲಸದಿಂದ ತೆಗೀರಿ ಬೇಕಾದ್ರೆ.”

ಅವನು ಕೋಪದಲ್ಲಿ ಅವಳ ಕೈಯಿಂದ ಸೀಮೆಸುಣ್ಣ ಕಿತ್ಕೊಂಡು ತಾನೇ ಬರೆದ. ಮಧ್ಯಾಹ್ನದೊಳಗೆ ಪೈಪು ಗುಂಡಿಗೆ ಇಳೀತು. ಮುಂದಿನ ಪೈಪಿಗೆ ಬಾಯಿಗೆ ಬಾಯಿ ಕೂಡ್ಸಿ ಬೆಸುಗೆ ಶುರು ಮಾಡಿದ್ರು. ಪ್ರತಿಮಾ ದಡದ ಮೇಲೇ ನಿಂತಿದ್ಲು. ತಿಪ್ಪೇಶನೂ ಇದ್ದ.

ಬೆಸುಗೆ ಕಿಡಿ ಹಾರಿದ್ದೇ ತಡ, ಒಳಗಿಂದ... ಧಬ್. ಧಬ್. ಧಬ್.

ಎಲ್ಲರೂ ಕೇಳಿಸ್ಕೊಂಡ್ರು. ಕಬ್ಬಿಣ ಕಾದ್ರೆ ಹಂಗೇ ಅಂದ ಕಾಂತರಾಜ್. ಆದ್ರೆ ಅವನ ದನಿ ಒಣಗಿತ್ತು. ಬೆಸುಗೆ ಸುತ್ತು ತುಂಬೋವರ್ಗೂ ಬಡೀತಿತ್ತು. ತುಂಬಿದ ಮೇಲೆ ನಿಂತೋಯ್ತು. ಪ್ರತಿಮಾ ಮಣ್ಣು ಮುಚ್ಚೋದನ್ನ ನೋಡದೆ ಮನೆಗೆ ಬಂದ್ಬಿಟ್ಲು. ಮತ್ತೆ ಆ ಕೆಲಸಕ್ಕೆ ಹೋಗ್ಲೇ ಇಲ್ಲ. ಈಗ ತರೀಕೆರೆಲಿ ಬಟ್ಟೆ ಅಂಗಡೀಲಿ ಇದಾಳೆ. ಬೇಕಿದ್ರೆ ಹೋಗಿ ಕೇಳಿ. ಆದ್ರೆ ಆ ಬೆಸುಗೆ ವಿಷಯಕ್ಕೆ ಬಂದ್ರೆ ಮಾತು ನಿಲ್ಸ್ಬಿಡ್ತಾಳೆ.

ಲೈನ್ ಚೆನ್ನಾಗೇ ಇದೆ. ಎಲ್ಲೂ ಒಡೀಲಿಲ್ಲ. ಆಲದ ಮರ ದಾಟಿದ ಮೇಲೆ ಒಂದು ವಾಲ್ವ್ ಸಣ್ಣಗೆ ಸೋರುತ್ತೆ, ದಾರೀಲಿ ಹೋಗೋರು ಅಲ್ಲೇ ಕಾಲು ತೊಳ್ಕೋತಾರೆ. ಹೋದ ಚಳಿಗಾಲ, ಹಲ್ಲು ಕಟಕಟ ಅನ್ನೋ ಬೆಳಗಿನ ಜಾವ, ನಾನೇ ಕೈಯೊಡ್ಡಿದೀನಿ. ಸುಳ್ಳು ಹೇಳಿ ನನಗೇನಾಗ್ಬೇಕು?

ಆ ನೀರು ಬೆಚ್ಚಗಿರುತ್ತೆ. ಮೈ ಬೆಚ್ಚಗಿರುತ್ತಲ್ಲ... ಅಷ್ಟು.