ಹೊಲಿಗೆ ಕೋಣೆಯಲ್ಲಿ ಓದುವವಳು

ಬಸ್ಸಿಗೆ ಕಾಯುತ್ತಿದ್ದ ಸಾಲಿನಲ್ಲಿ ಭಾವ ನಾದಿನಿಯ ಹಿಂದೆಯೇ ನಿಂತು ಮಾತು ಮುಂದುವರಿಸಿದ. ಡ್ಯೂಟಿ ಮುಗಿಸಿ ಅವರ ಹಿಂದೆ ನಿಂತಿದ್ದ ನರ್ಸ್ ಒಬ್ಬಳ ಕಿವಿ ತಾನಾಗಿಯೇ ಆ ಕಡೆ ತಿರುಗಿತು.

“ಸೋಮವಾರದಿಂದ ನಮ್ಮ ಪ್ರೆಸ್ಸಲ್ಲಿ ಪುಸ್ತಕ ಹೊಲಿಯೋ ಮಷೀನ್ ಶುರು. ಆ ಸದ್ದಿನಲ್ಲಿ ನೀನು ಓದೋದು ಯಾರಿಗೆ ಕೇಳಿಸುತ್ತೆ?”

“ಯಾರಿಗೂ ಇಲ್ಲ. ನಿನ್ನೆ ಓಡಿಸಿ ನೋಡಿದ್ರಲ್ಲ, ಕಿರುಚಿ ಕಿರುಚಿ ಗಂಟಲು ಕಟ್ಟಿತು.”

“ಇಷ್ಟು ವರ್ಷ ಹೊಲಿಗೆಗೆ ಬಂದ ಹಾಳೆಗಳನ್ನೇ ಕೈಯಲ್ಲಿ ಹೊಲಿಯೋ ಹೆಂಗಸರಿಗೆಲ್ಲ ಓದಿ ಹೇಳಿದೆ. ನಿನ್ನ ಮಹಾ ಚಿಂತಕರು ಈಗೇನಂತಾರೆ?”

“ಒಬ್ರು, ಯಂತ್ರ ಬಂದ್ರೆ ಮನುಷ್ಯನಿಗೆ ಬಿಡುವು ಸಿಗುತ್ತೆ ಅಂತಾರೆ. ಇನ್ನೊಬ್ರು, ಮನುಷ್ಯ ಅದಕ್ಕೇ ಆಳಾಗ್ತಾನೆ ಅಂತಾರೆ.”

“ಅವರಲ್ಲಿ ಒಬ್ಬನಿಗಾದ್ರೂ ಕೆಲಸ ಹೋಗಿತ್ತಾ?”

ನಾದಿನಿ ನಕ್ಕುಬಿಟ್ಟಳು. “ನಮ್ಮಕ್ಕನೂ ಇದನ್ನೇ ಕೇಳಿದ್ಲು. ಮೊದಲೆಲ್ಲ ಸೂಜಿಯಿಂದ ತಲೆ ಎತ್ತದವಳು, ಈಗ ಚಿಂತಕರ ಜೊತೆ ಜಗಳಕ್ಕೇ ನಿಲ್ತಾಳೆ. ಇನ್ನು ಅದೂ ನಿಂತುಹೋಗುತ್ತಲ್ಲ ಭಾವ, ಅದಕ್ಕೇ ನನ್ನ ಹೊಟ್ಟೆ ಉರಿಯೋದು.”

“ಹಾಗಾದ್ರೆ ಮಷೀನೇ ನಿಲ್ಲಲಿ.” ಭಾವ ಜೇಬಿನಿಂದ ದಪ್ಪನೆಯ ಬೋಲ್ಟೊಂದನ್ನು ತೆಗೆದ. “ಹಲ್ಲುಚಕ್ರದೊಳಗೆ ಹಾಕಿಬಿಡು. ಫಿಟ್ಟರ್ ಅಂತ ನನ್ನ ಮೇಲೆ ಎಲ್ರ ಕಣ್ಣು. ನಿನ್ನ ಮೇಲೆ ಯಾರಿಗೂ ಅನುಮಾನ ಬರಲ್ಲ.”

“ಅಹಿಂಸೆಯ ಪುಸ್ತಕ ಓದಿದ್ದೂ ನಾನೇ ಅಲ್ವಾ?”

“ಕಬ್ಬಿಣಕ್ಕೆ ನೋವಾಗುತ್ತೇನೇ?”

“ಅದನ್ನ ನಡೆಸೋಕೆ ಮುಂದೆ ಕೂರೋ ಹೊಸ ಹುಡುಗಿಗೆ ಆಗುತ್ತೆ.”

“ಅವಳಿಂದಲೇ ತಾನೇ ನಿಮ್ಮ ಅನ್ನಕ್ಕೆ ಕಲ್ಲು ಬೀಳ್ತಿರೋದು?”

“ಅವಳೂ ಹೊಟ್ಟೆಪಾಡಿಗೇ ಬಂದವಳು.”

ಬಸ್ಸು ಬಂತು. ಭಾವ ಬೋಲ್ಟನ್ನು ಅವಳ ಮುಂದೆ ಹಿಡಿದ. ಅವಳು ಕೈ ಹಿಂದಕ್ಕೆಳೆದುಕೊಂಡು ಮೆಟ್ಟಿಲು ಹತ್ತಿದಳು.

“ಬೇಡ ಅಂದ್ರೆ ಬೇಡ, ಭಾವ.”